ಪಾಂಡಾ ಮೃಗದ ಚೇಷ್ಟಾವಲೋಕನ

ಚೀನಾದೇಶದ ಬಿದಿರುಕಾಡುಗಳಲ್ಲಿ ವಾಸಿಸುವ ದೈತ್ಯ ಪಾಂಡಾ ಎಂಬ ಕಪ್ಪು ಬಿಳುಪಿನ ಕರಡಿಯನ್ನು ಪಾಶ್ಚಾತ್ಯ ವಿದ್ವಾಂಸರಿಗೆ ಪರಿಚಯಗೊಳಿಸಿದವನು ಆರ್ಮಾನ್ ದವೀದನೆಂಬ ಫ್ರೆಂಚ್ ಪಾದ್ರಿ. ಇದು ೧೮೬೯ರ ಮಾತು. ಆತನ ವಿವರಣೆಯು ಮೃಗದ ಆಕಾರಕ್ಕೆ ಸಂಬಂಧಿಸಿದುದು. ಅದರ ನಡೆವಳಿಯನ್ನು ಕಾಡಿನಲ್ಲಿಯೇ ಕ್ರಮವರಿತು ನೋಡುವ ಕಾರ್ಯವು ನೆಲೆಗೊಂಡುದು ನೂರು ವರ್ಷಗಳ ಅನಂತರ, ೧೯೭೮ರಲ್ಲಿ ಹೂ ಜಿನ್‌ಚೂ ಅವರು ವೊಲೊಂಗ್ ಅರಣ್ಯದಲ್ಲಿ ವೀಕ್ಷಣಸ್ಥಾನವನ್ನು ಸ್ಥಾಪಿಸಿದಾಗ. ಈಗ ಸಿಚುವಾನ್ ಪ್ರಾಂತದ ಸಂವರ್ಧನ ಕೇಂದ್ರಗಳಲ್ಲಿ ತರುಣ ವಿದ್ಯಾರ್ಥಿಗಳೂ, ನಮ್ಮ ಪಾಠಶಾಲೆಗಳ ಮಾತಿನಲ್ಲಿ ಹೇಳುವುದಾದರೆ ಅಂತೇವಾಸಿಗಳಾಗಿ ನಿಂತು, ಈ ಕೆಲಸವನ್ನು ಕಲಿಯುತ್ತಾರೆ.

ಅವರಿಗೆ ಮೊದಲು ದೊರೆಯುವುದು ಒಂದು ಚೇಷ್ಟಾಕೋಶ. ತಿನ್ನುವಿಕೆ, ನಡಿಗೆ, ವಿಶ್ರಾಂತಿ, ಗಂಧಲೇಪನ, ಕೂಗು ಮೊದಲಾದ ಒಂದೊಂದಕ್ಕೂ ಅದರಲ್ಲಿ ಲಕ್ಷಣವಿರುತ್ತದೆ. ಈ ಲಕ್ಷಣಗಳು ನೈಯಾಯಿಕರು ಹೇಳುವ ದೋಷಗಳಿಂದ ಮುಕ್ತವಾಗಿರಬೇಕು. ‘ಕುಳಿತಿರುವುದೇ ವಿಶ್ರಾಂತಿ’ ಎಂದರೆ ಅತಿವ್ಯಾಪ್ತಿ. ಪಾಂಡಾ ಕುಳಿತೇ ಬಿದಿರನ್ನು ತಿನ್ನುತ್ತದೆ. ‘ಕಣ್ಣು ಮುಚ್ಚಿ ಮಲಗಿರುವುದೇ ವಿಶ್ರಾಂತಿ’ ಎಂದರೆ ಅವ್ಯಾಪ್ತಿ; ಕಣ್ಣು ತೆರೆದೂ ಅದು ಸುಮ್ಮನೆ ಒರಗಿರುವುದುಂಟು.

ಎರಡನೆಯ ನಿಯಮವು ಕಾಲಕ್ಕೆ ಸಂಬಂಧಿಸಿದುದು. ಈ ಮೃಗವು ದಿನದ ಅರ್ಧಕ್ಕೂ ಹೆಚ್ಚು ಹೊತ್ತನ್ನು ತಿನ್ನುವುದರಲ್ಲಿಯೇ ಕಳೆಯುತ್ತದೆ. ಕಣ್ಸೆಳೆದುದನ್ನು ಮಾತ್ರ ಬರೆದರೆ ಅಪರೂಪದ ಪಲ್ಟಿಯೇ ಅದರ ಸ್ವಭಾವವೆಂದು ಭ್ರಮೆಯಾದೀತು. ಜೀನ್ ಆಲ್ಟ್‌ಮನ್ ಎಂಬ ವಿದುಷಿ ೧೯೭೪ರಲ್ಲಿ ಈ ದೋಷವನ್ನು ವಿವೇಚಿಸಿದರು. ಆದುದರಿಂದ ನಿಯತವಾದ ಕಾಲಾಂತರದಲ್ಲಿ ಆ ಕ್ಷಣಕ್ಕೆ ಕಂಡುದನ್ನೇ, ಅದು ಎಷ್ಟೇ ನೀರಸವಾಗಿರಲಿ, ಗುರುತಿಸತಕ್ಕದ್ದು.

ಮೂರನೆಯದು ಪ್ರತ್ಯಕ್ಷಾನುಮಾನಗಳ ಭೇದ. ಮೃಗವು ಒಂದೇ ಜಾಡಿನಲ್ಲಿ ಹಿಂದಕ್ಕೂ ಮುಂದಕ್ಕೂ ತಿರುಗುತ್ತಿದ್ದರೆ ‘ತಿರುಗಿತು’ ಎಂದು ಬರೆಯಬೇಕೇ ಹೊರತು ‘ಬೇಸರಗೊಂಡಿತು’ ಎಂದಲ್ಲ. ಬೇಸರವು ಅನುಮೇಯ, ಅದಕ್ಕೆ ಹೇತು ಬೇಕು.

ಇದು ಬರಿಯ ಶಬ್ದವಿಚಾರವೆಂದು ವಾಚಕರು ತಿಳಿಯಬಾರದು. ಹೆಣ್ಣು ಪಾಂಡಾ ಗರ್ಭಧರಿಸಲು ಶಕ್ತವಾಗಿರುವುದು ವರ್ಷಕ್ಕೆ ಒಂದು ಸಲ, ವಸಂತದಲ್ಲಿ, ಒಂದೆರಡು ಮೂರು ದಿನಗಳು ಮಾತ್ರ. ಗಂಧಲೇಪನ, ಕೂಗುಗಳ ಗುರುತು ತಪ್ಪಿದರೆ ಆ ವರ್ಷವೇ ವ್ಯರ್ಥ. ಪರಸ್ಪರ ಒಲವು ತೋರಿದ ಜೋಡಿಗಳಲ್ಲಿ ಮರಿಗಳು ಹೆಚ್ಚೆಂದು ೨೦೧೫ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು; ಆ ಒಲವನ್ನು ನಿರ್ಣಯಿಸಿದುದೂ ಇಂತಹ ಚೇಷ್ಟಾಲೇಖನಗಳಿಂದಲೇ. ೨೦೧೧ರಿಂದ ೨೦೧೪ರವರೆಗೆ ನಡೆದ ಗಣನೆಯಲ್ಲಿ ಕಾಡಿನಲ್ಲಿದ್ದ ಪಾಂಡಾಗಳು ೧,೮೬೪. ಇಷ್ಟು ವಿರಳವಾದ ಕುಲದಲ್ಲಿ ಒಂದು ಮರಿಯೂ ಅಲ್ಪವಲ್ಲ.

ಪಾಠವನ್ನು ಇದ್ದಂತೆ ಬರೆದುಕೊಂಡು ಅನಂತರ ವ್ಯಾಖ್ಯಾನಕ್ಕೆ ತೊಡಗಬೇಕೆಂದು ನಾವು ನಮ್ಮ ಶಿಷ್ಯರಿಗೆ ಹೇಳುವೆವಷ್ಟೆ. ಬಿದಿರುಮೆಳೆಯ ಮುಂದೆ ಕುಳಿತ ಆ ಅಂತೇವಾಸಿಯು ಕಲಿಯುತ್ತಿರುವುದೂ ಅದನ್ನೇ.