ಹಲಗೆ ನಯಗೊಳಿಸುವ ಡ್ರಮ್ ಸ್ಯಾಂಡರ್: ಕೊಳ್ಳುವ ಮುನ್ನ ಪರಿಗಣಿಸಬೇಕಾದ ಅಂಶಗಳು

ಮುಳ್ಳೂರಿನಂತಹ ಗ್ರಾಮದಲ್ಲಾಗಲಿ ಕೊಳ್ಳೇಗಾಲ ಪಟ್ಟಣದಲ್ಲಾಗಲಿ, ಬಾಗಿಲು, ಕಪಾಟು, ಮಂಚಗಳನ್ನು ತಯಾರಿಸುವ ಸಣ್ಣ ಕಾರ್ಯಾಗಾರದಲ್ಲಿ ಹೆಚ್ಚು ಕೂಲಿ ನುಂಗುವ ಕೆಲಸಗಳಲ್ಲಿ ಹಲಗೆಯನ್ನು ಉಪ್ಪುಕಾಗದದಿಂದ ಉಜ್ಜುವುದೂ ಒಂದು. ಇದಕ್ಕೆ ಡ್ರಮ್ ಸ್ಯಾಂಡರ್ ಕೊಳ್ಳುವುದು ಲಾಭಕರವೇ ಎಂಬುದನ್ನು ಯಂತ್ರ ಮತ್ತು ಲೆಕ್ಕ ಎರಡೂ ದೃಷ್ಟಿಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಯಂತ್ರದ ಸ್ವರೂಪ

ಉಪ್ಪುಕಾಗದ ಸುತ್ತಿದ ಉರುಳೆಯೊಂದು ಮೇಲೆ ತಿರುಗುತ್ತಿದ್ದು, ಕೆಳಗಿನ ಪಟ್ಟಿಯು ಹಲಗೆಯನ್ನು ಅದರಡಿ ಸಾಗಿಸುತ್ತದೆ. ಒಂದು ಸುತ್ತಿಗೆ ಮಿಲಿಮೀಟರಿನ ಅಲ್ಪಾಂಶ ಮಾತ್ರ ಸವೆಯಬೇಕು. ಇದು ಕೀಸುಳಿಗೆ ಬದಲಿಯಲ್ಲ. ದಪ್ಪ ಇಳಿಸಲು ಬಳಸಿದರೆ ಕಾಗದ ಸುಟ್ಟು ಮರವೂ ಕಪ್ಪಾಗುತ್ತದೆ. ಅಂಟು ಹೆಚ್ಚಿರುವ ಮರದಲ್ಲಿ ಕಾಗದ ಬೇಗ ಮುಚ್ಚಿಕೊಳ್ಳುತ್ತದೆ. ವಿನಿಯರ್ ಪದರವು ಒಂದು ಮಿಲಿಮೀಟರಿಗಿಂತಲೂ ತೆಳುವಾಗಿರುವುದರಿಂದ ಅಂತಹ ಪ್ಲೈವುಡ್‌ಗೆ ಈ ಯಂತ್ರ ಅಪಾಯಕರ.

ಅಗಲ

ಒಂದು ಬದಿ ತೆರೆದಿರುವ 16 ಅಂಗುಲದ ಯಂತ್ರದಲ್ಲಿ, ಹಲಗೆಯನ್ನು ತಿರುಗಿಸಿ ಎರಡು ಬಾರಿ ಸಾಗಿಸಿ, 32 ಅಂಗುಲ ಅಗಲದವರೆಗೆ ನಯಗೊಳಿಸಬಹುದು. ಆದರೆ ಉರುಳೆಯು ಮೇಜಿಗೆ ಸಮಾನಾಂತರವಾಗಿರದಿದ್ದರೆ ನಡುವೆ ಗೆರೆ ಉಳಿಯುತ್ತದೆ. ಮೂರು ಅಡಿಯ ಬಾಗಿಲು ಇದರಲ್ಲಿ ಹಿಡಿಯದು. ಆದುದರಿಂದ ತಾವು ಹೆಚ್ಚಾಗಿ ತಯಾರಿಸುವ ಹಲಗೆಯ ಅಗಲವನ್ನು ಮೊದಲು ಅಳೆಯತಕ್ಕದ್ದು. 80, 120 ಹಾಗೂ 180ರ ಕಾಗದಗಳನ್ನು ಕ್ರಮವಾಗಿ ಬಳಸಿದರೂ ನೇರ ಗೀರುಗಳು ಉಳಿಯುವುದರಿಂದ, ಪಾಲಿಷ್‌ಗೆ ಮುನ್ನ ಕೈಯಿಂದ ಕೊನೆಯ ಉಜ್ಜುವಿಕೆ ಅನಿವಾರ್ಯ.

ವಿದ್ಯುತ್ ಮತ್ತು ಧೂಳು

ಸಣ್ಣ ಯಂತ್ರಗಳು 230 ವೋಲ್ಟಿನ ಸಿಂಗಲ್ ಫೇಸ್‌ನಲ್ಲಿ ನಡೆಯುತ್ತವೆ. ದೊಡ್ಡವಕ್ಕೆ 415 ವೋಲ್ಟಿನ ತ್ರೀ ಫೇಸ್ ಬೇಕು. 5 ಅಶ್ವಶಕ್ತಿಯ ಮೋಟಾರೆಂದರೆ ಸುಮಾರು 3.7 ಕಿಲೋವಾಟ್, ಧೂಳು ಹೀರುವ ಯಂತ್ರದ ಭಾರವನ್ನೂ ಸೇರಿಸಿ, ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದಿಂದ ಮಂಜೂರಾದ ಭಾರದೊಡನೆ ಹೋಲಿಸಿ ನೋಡಬೇಕು. ಧೂಳು ಹೀರುವ ವ್ಯವಸ್ಥೆಯನ್ನು ಐಚ್ಛಿಕವೆಂದು ಭಾವಿಸಕೂಡದು. ಮರದ ಧೂಳು ಮನುಷ್ಯರಲ್ಲಿ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ವರ್ಗೀಕರಿಸಿದೆ.

ಲೆಕ್ಕದ ದೃಷ್ಟಿ

ಉದಾಹರಣೆಗಾಗಿ, ಧೂಳಿನ ವ್ಯವಸ್ಥೆಯೂ ಸೇರಿ ಬೆಲೆ ರೂ. 1,60,000 ಹಾಗೂ ಶೇ. 18ರ ಜಿಎಸ್‌ಟಿ ರೂ. 28,800 ಎಂದಿಟ್ಟುಕೊಳ್ಳೋಣ. ಸಾಮಾನ್ಯ ನೋಂದಣಿಯುಳ್ಳವರು ನಿಯಮಾನುಸಾರ ಈ ತೆರಿಗೆಯನ್ನು ಹೂಡುವಳಿ ತೆರಿಗೆಯಾಗಿ ಪಡೆಯಬಹುದು. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಆ ಸೌಲಭ್ಯವಿಲ್ಲ. ಅವರ ಪಾಲಿಗೆ ಬೆಲೆಯೇ ರೂ. 1,88,800.

ದಿನಕ್ಕೆ 4 ಗಂಟೆಯಂತೆ ತಿಂಗಳಲ್ಲಿ 20 ದಿನ ಕೂಲಿ ಉಳಿದು, ಗಂಟೆಗೆ ರೂ. 100 ಆದರೆ ಉಳಿತಾಯ ರೂ. 8,000. ಕಾಗದ, ವಿದ್ಯುತ್, ದುರಸ್ತಿಗೆ ರೂ. 3,000 ಕಳೆದರೆ ರೂ. 5,000. ಬಡ್ಡಿಯನ್ನು ಬಿಟ್ಟು ನೋಡಿದರೂ ಮೊದಲ ವರ್ಗದವರಿಗೆ 32 ತಿಂಗಳು, ಎರಡನೆಯವರಿಗೆ ಸುಮಾರು 38 ತಿಂಗಳು ಬೇಕು. ಕೆಲಸ ಅರ್ಧವೇ ಇದ್ದರೆ ಈ ಅವಧಿ ದ್ವಿಗುಣಗೊಳ್ಳುತ್ತದೆ. ಇನ್ನೊಂದು ಮಾತು: ಉಳಿದ ಗಂಟೆಗಳಲ್ಲಿ ಬಡಗಿಗೆ ಬೇರೆ ಕೆಲಸವಿಲ್ಲದೆ ಸಂಬಳ ಮಾತ್ರ ನಡೆಯುತ್ತಿದ್ದರೆ, ಆ ಉಳಿತಾಯ ಕಾಗದದ ಮೇಲಷ್ಟೇ.

ಆದಾಯ ತೆರಿಗೆಯಲ್ಲಿ ಯಂತ್ರಕ್ಕೆ ಸಾಮಾನ್ಯ ಸವಕಳಿ ಶೇ. 15. ಕೊಂಡ ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದರೆ ಅದರ ಅರ್ಧ ಮಾತ್ರ. ಅಂದಾಜು ಆದಾಯ ಪದ್ಧತಿಯಲ್ಲಿ ವಿವರಪಟ್ಟಿ ಸಲ್ಲಿಸುವವರಿಗೆ ಪ್ರತ್ಯೇಕ ಸವಕಳಿ ದೊರೆಯದು. ತೆರಿಗೆಯ ಮೊತ್ತದ ಮೇಲೂ ಸವಕಳಿ ಪಡೆದರೆ ಹೂಡುವಳಿ ತೆರಿಗೆ ಸಿಗದು. ಒಬ್ಬ ವ್ಯಕ್ತಿಗೆ ಒಂದು ದಿನದಲ್ಲಿ ರೂ. 10,000ಕ್ಕೆ ಮೀರಿ ನಗದಾಗಿ ಪಾವತಿಸಿದ ಹಣವು ಯಂತ್ರದ ಬೆಲೆಯಲ್ಲಿ ಸೇರುವುದಿಲ್ಲ. ಆದುದರಿಂದ ಪಾವತಿಯು ಬ್ಯಾಂಕಿನ ಮೂಲಕವೇ ನಡೆಯಲಿ.

ಕೆಲಸ ಕಡಿಮೆಯಿರುವವರು ಹಲಗೆಗಳನ್ನು ಜಾಬ್ ವರ್ಕಿಗೆ ಕಳುಹಿಸುವುದು, ಅಥವಾ ಕೈಯಲ್ಲಿ ಹಿಡಿಯುವ ಸ್ಯಾಂಡರ್ ಬಳಸುವುದು ಮೇಲು. ಕೊಳ್ಳಲು ನಿರ್ಧರಿಸಿದವರು ಮಾರಾಟಗಾರರ ಬಳಿಗೆ ತಮ್ಮದೇ ಹಲಗೆಯನ್ನು ಒಯ್ದು, ಅಲ್ಲಿಯೇ ಸಾಗಿಸಿ ನೋಡಿ, ಅನಂತರ ಮುಂಗಡ ಕೊಡುವುದು ವಿವೇಕ.