ಸೀಸ ಹತ್ತಿದ ನಳಿಗೆ, ಹೊತ್ತಿ ಉರಿದ ಹಲಗಲಿ

1857ರ ಜನವರಿಯಲ್ಲಿ ಕಲಕತ್ತೆಯ ಹತ್ತಿರ ದಮ್‌ದಮ್‌ನಲ್ಲಿ ಎದ್ದ ಮಾತು, ಆ ವರ್ಷ ಮುಗಿಯುವುದರೊಳಗೆ ಮುಧೋಳ ಸೀಮೆಯ ಹಲಗಲಿಗೆ ಬೆಂಕಿಯಾಗಿ ಬಂತು. ಕಾಡತೂಸಿಗೆ ದನದ, ಹಂದಿಯ ಕೊಬ್ಬು ಸವರಿದ್ದಾರೆಂಬ ಕಥೆ ಶಾಲೆಯ ಮೆಟ್ಟಿಲು ಹತ್ತಿದವರಿಗೆಲ್ಲ ಗೊತ್ತು. ಕೊಬ್ಬು ಸವರುವ ಗರಜಾದರೂ ಏನಿತ್ತು? ನಾನು ಓದಿದ ಪಾಠದಲ್ಲಿ ಅದರ ಸುದ್ದಿಯೇ ಇರಲಿಲ್ಲ. ಉತ್ತರ ಇದ್ದದ್ದು ಬಂದೂಕಿನ ನಳಿಗೆಯೊಳಗೆ.

ಹಳೆಯ ಬತ್ತಿಕೋವಿಯ ನಳಿಗೆ ಒಳಗೆ ನುಣುಪು. ತುಸು ಸಣ್ಣ ಸೀಸದ ಗುಂಡನ್ನು ಬಾಯಿಂದ ಹಾಕಿ ಗಜದಿಂದ ತಳ್ಳಿದರೆ ಆಯಿತು, ದೂರದ ಗುರಿಯ ಭರವಸೆ ಮಾತ್ರ ಇಲ್ಲ. 1853ರ ಎನ್‌ಫೀಲ್ಡ್ ರೈಫಲ್ ಈ ಲೆಕ್ಕವನ್ನೇ ಬದಲಿಸಿತು. ಅದರ 0.577 ಇಂಚಿನ ನಳಿಗೆಯೊಳಗೆ ಸುರುಳಿಯಾಗಿ ಕೊರೆದ ಮೂರು ಗೀರುಗಳಿದ್ದವು. ಗುಂಡಿನ ಬುಡ ಟೊಳ್ಳು. ಮದ್ದು ಸಿಡಿದಾಗ ಬುಡ ಅಗಲವಾಗಿ ಗೀರುಗಳನ್ನು ಕಚ್ಚಬೇಕು, ತಿರುಗುತ್ತ ಹೊರಬೀಳಬೇಕು. ಹಾಗೆ ಅಗಲವಾಗಲು ಸೀಸ ಮೆತ್ತಗಿರಬೇಕು. ತೊಂದರೆ ಅಲ್ಲಿಯೇ. ಮೆತ್ತನೆಯ ಸೀಸ ಉಕ್ಕಿಗೆ, ಕಬ್ಬಿಣಕ್ಕೆ ಉಜ್ಜಿದರೆ ಹತ್ತಿಕೊಳ್ಳುತ್ತದೆ. ಅದು ಕರಗಲು 327 ಡಿಗ್ರಿ ಶಾಖ ಸಾಕು. ಗುಂಡು ಸಂದುಬಿಟ್ಟು ಕೂತಿದ್ದರೆ ಹಿಂದಿನಿಂದ ನುಗ್ಗುವ ಬಿಸಿ ಅನಿಲ ಅದರ ಅಂಚನ್ನು ಕೊರೆದು ನಳಿಗೆಗೆ ಬಳಿಯುತ್ತದೆ. ಮೇಲಾಗಿ ಕರಿಮದ್ದಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸುಟ್ಟ ಮೇಲೂ ಕಿಟ್ಟವಾಗಿ ಉಳಿಯುತ್ತದೆ. ಗೀರು ತುಂಬಿದರೆ ಗುರಿ ತಪ್ಪುತ್ತದೆ, ಮುಂದಿನ ಗುಂಡು ಒಳಗೇ ಇಳಿಯುವುದಿಲ್ಲ. ಇದಕ್ಕೆ ಕಂಡ ಉಪಾಯ, ಗುಂಡನ್ನು ಕಾಗದದಲ್ಲಿ ಸುತ್ತಿ ಜಿಡ್ಡು ಸವರುವುದು.

ಆ ಜಿಡ್ಡಿಗೆ ಕೊಬ್ಬನ್ನೇ ಆರಿಸಿದ್ದು ಕಸುಬಿನ ದೃಷ್ಟಿಯಿಂದಲೂ ತಪ್ಪು. ಕೊಬ್ಬು ಹಳತಾದಂತೆ ಸೀಸವನ್ನು ತಿನ್ನುತ್ತದೆ. ಗುಂಡಿನ ಮೈಮೇಲೆ ಬಿಳಿ ಪುಡಿ ಕಟ್ಟಿ, ಅದು ದಪ್ಪವಾಗಿ ನಳಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಮುಂದೆ ಬ್ರಿಟಿಷರ ಕಾರ್ಖಾನೆಗಳೇ ಜೇನುಮೇಣಕ್ಕೆ ಹೊರಳಿದವು, 0.568 ಇಂಚಿನ ಗುಂಡನ್ನು 0.55ಕ್ಕೆ ಇಳಿಸಿದವು. ಇವತ್ತಿಗೂ ಸೀಸದ ಗುಂಡು ಎರೆದು ಹೊಡೆಯುವವರು ಜೇನುಮೇಣ ಬಳಸುತ್ತಾರೆ. ಸೀಸಕ್ಕೆ ತವರ, ಆಂಟಿಮನಿ ಬೆರೆಸಿ ಗಟ್ಟಿ ಮಾಡುತ್ತಾರೆ. ಗುಂಡನ್ನು ಗೀರಿನ ಅಳತೆಗಿಂತ ಇಂಚಿನ ಸಾವಿರದ ಒಂದು ಪಾಲು ದಪ್ಪ ಇಡುತ್ತಾರೆ, ಬುಡಕ್ಕೆ ತಾಮ್ರದ ಬಟ್ಟಲು ತೊಡಿಸುತ್ತಾರೆ. ಆದರೂ ಹತ್ತಿದ ಸೀಸವನ್ನು ಎಣ್ಣೆಯಲ್ಲಿ ನೆನೆಸಿ ಕಂಚಿನ ಕುಂಚದಿಂದ ಉಜ್ಜಬೇಕು.

ಮೇಣದ ಬುದ್ಧಿ ಮೊದಲೇ ಬಂದಿದ್ದರೆ! ಸಿಪಾಯಿಗಳು ತಮಗೆ ಬೇಕಾದ ಜಿಡ್ಡು ತಾವೇ ಹಚ್ಚಿಕೊಳ್ಳಬಹುದೆಂದು ಜನವರಿ ಕೊನೆಗೆ ಅಪ್ಪಣೆಯಾಯಿತು. ಅಷ್ಟರಲ್ಲಿ ನಂಬಿಕೆ ಮುರಿದಿತ್ತು. ಆ ವರ್ಷದ ಸಿಪಾಯಿ ದಂಗೆಗೆ ಕೊಬ್ಬೊಂದೇ ಕಾರಣವಲ್ಲ, ನಿಜ. ದಂಗೆಯ ಹೆದರಿಕೆಯಿಂದ ಸೆಪ್ಟೆಂಬರಿನಲ್ಲಿ ಹುಟ್ಟಿದ ನಿಃಶಸ್ತ್ರೀಕರಣ ಕಾಯಿದೆ ಮಾತ್ರ ನೇರ ನಮ್ಮ ನಾಡಿಗೆ ಬಂತು. ಹಲಗಲಿಯ ಬೇಡರಿಗೆ ಆಯುಧವೆಂದರೆ ಬೇಟೆ, ಕಾವಲು, ಮಾನ. ಅವರ ಮುಂದಾಳುಗಳಾದ ಜಡಗ, ಬಾಲ, ಹನುಮ, ರಾಮ ಕೊಡುವುದಿಲ್ಲವೆಂದರು. ನವೆಂಬರ್ ಕೊನೆಗೆ ಕರ್ನಲ್ ಮಾಲ್ಕಮ್‌ನ ಪಡೆ ಊರನ್ನು ಸುತ್ತಿ ಬೆಂಕಿ ಹಚ್ಚಿತು. ನೂರರಷ್ಟು ಜನ ಸತ್ತರು. ಡಿಸೆಂಬರ್ 11ರಂದು ಮುಧೋಳದಲ್ಲಿ 13 ಜನರನ್ನು, 14ರಂದು ಹಲಗಲಿಯಲ್ಲೇ 6 ಜನರನ್ನು ಗಲ್ಲಿಗೇರಿಸಿದರು.

ಬ್ರಿಟಿಷರೆದುರು ಹೀಗೆ ಸೆಟೆದು ನಿಲ್ಲುವುದು ವಿಜಯಪುರ ಸೀಮೆಯ ನಮ್ಮ ಸಿಂದಗಿಗೂ ಹೊಸದಲ್ಲ. 1824ರಲ್ಲೇ ದಿವಾಕರ ದೀಕ್ಷಿತ ಮತ್ತು ಸಂಗಡಿಗರು ಇಲ್ಲಿ ಠಾಣೆ ಹಾಕಿ ಕಂದಾಯ ವಸೂಲಿಗೆ ನಿಂತಿದ್ದರು, ಧಾರವಾಡದಿಂದ ಬಂದ ಪಡೆ ಅವರನ್ನು ಹಿಡಿಯಿತು.

ಹಲಗಲಿಯ ಕಥೆ ಲಾವಣಿಯಾಗಿ ಬಾಯಲ್ಲಿ ಉಳಿಯಿತು. ಅದನ್ನು ಬ್ರಿಟಿಷ್ ಅಧಿಕಾರಿ ಫ್ಲೀಟ್ ಸಾಹೇಬ ಬರೆದುಕೊಂಡು ಅಚ್ಚು ಹಾಕಿಸಿದ. ಆದರೆ ಆ ಬಂದೂಕುಗಳು, ಗುಂಡಿನ ಅಚ್ಚುಗಳು, ಎಷ್ಟು ಮದ್ದಿಗೆ ಎಷ್ಟು ಸೀಸ ಎಂದು ಬಲ್ಲ ಕೈಗಳು ಹೋದದ್ದು ನನ್ನನ್ನು ಇಂದಿಗೂ ಕಾಡುತ್ತದೆ. ಅದೇ ಕಾಯಿದೆಯಿಂದ ಕೊಡವರಿಗೆ 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ವಿನಾಯಿತಿ ಕೊಟ್ಟ, ಬ್ರಿಟಿಷರಿಗೆ ನಿಷ್ಠರಾಗಿದ್ದರೆಂಬ ಕಾರಣಕ್ಕೆ. ಆ ವಿನಾಯಿತಿ ಈಗ 2029ರವರೆಗೆ ಇದೆ. ಕೈಲ್ ಪೊಳ್ದ್ ಹಬ್ಬದ ದಿನ ಕೊಡಗಿನ ಮನೆಗಳಲ್ಲಿ ಕೋವಿಗೆ ಹೂವಿಟ್ಟು ಪೂಜಿಸಿ, ತೆಂಗಿನಕಾಯಿಗೆ ಗುರಿಯಿಟ್ಟು ಗುಂಡು ಹೊಡೆಯುತ್ತಾರೆ.