ಹಗಲುದೀಪವುಳ್ಳ ಕಾರುಗಳಲ್ಲಿ ಕ್ಸೆನಾನ್ ಹೆಡ್‌ಲೈಟ್ ಅಳವಡಿಕೆ

ಹ್ಯಾಲೊಜೆನ್ ಬಲ್ಬಿನೊಂದಿಗೆ ಕಾರ್ಖಾನೆಯಿಂದ ಹೊರಬಂದ ಕಾರಿನ ಹೆಡ್‌ಲೈಟಿಗೆ ಮಾರುಕಟ್ಟೆಯಲ್ಲಿ ಬಿಡಿಯಾಗಿ ದೊರೆಯುವ ಕ್ಸೆನಾನ್ ಬಲ್ಬನ್ನೂ ಅದನ್ನು ನಿಯಂತ್ರಿಸುವ ಬ್ಯಾಲಸ್ಟ್ ಎಂಬ ಉಪಕರಣವನ್ನೂ ಜೋಡಿಸುವುದು ಹಲವು ದೇಶಗಳಲ್ಲಿ ರೂಢಿಯಲ್ಲಿರುವ ಒಂದು ಮಾರ್ಪಾಡು. ಎಂಜಿನ್ ಚಾಲೂ ಆದೊಡನೆ ತಾನಾಗಿ ಹೊತ್ತಿಕೊಳ್ಳುವ ಹಗಲುದೀಪದ ವ್ಯವಸ್ಥೆ ಕಾರಿನಲ್ಲಿದ್ದು, ಅದು ಹೆಡ್‌ಲೈಟಿನ ಬಲ್ಬನ್ನೇ ಬಳಸಿಕೊಳ್ಳುತ್ತಿದ್ದರೆ ಈ ಮಾರ್ಪಾಡು ತೊಡಕಿನದಾಗುತ್ತದೆ. ಮಿನುಗುವ ದೀಪ, ಕೆಟ್ಟುಹೋಗುವ ಬ್ಯಾಲಸ್ಟ್, ಬಿಸಿಯೇರುವ ತಂತಿ ಇವು ಇದರ ಸಾಮಾನ್ಯ ಫಲಗಳು. ಎದುರಿನಿಂದ ಬರುವವರ ಕಣ್ಣು ಕೋರೈಸುವ ದೋಷವಂತೂ ಹಗಲುದೀಪವಿರಲಿ ಇಲ್ಲದಿರಲಿ ಉಳಿದೇ ಇರುತ್ತದೆ.

ಹಗಲುದೀಪದ ಹಿನ್ನೆಲೆ

ಹಗಲುದೀಪದ ಉದ್ದೇಶ ದಾರಿಯನ್ನು ಬೆಳಗುವುದಲ್ಲ, ವಾಹನವನ್ನು ಇತರರಿಗೆ ಕಾಣಿಸುವುದು. ಚಳಿಗಾಲದಲ್ಲಿ ನಡುಹಗಲೂ ಮಬ್ಬಾಗಿರುವ ಉತ್ತರ ಯೂರೋಪಿನಲ್ಲಿ ಇದು ಮೊದಲು ಬೇರೂರಿತು. ಹಗಲಿನಲ್ಲಿಯೂ ದೀಪ ಹೊತ್ತಿಸಿ ವಾಹನ ನಡೆಸುವುದನ್ನು ಸ್ವೀಡನ್ 1977ರಲ್ಲಿ ಕಡ್ಡಾಯಗೊಳಿಸಿತು. ಕೆನಡಾದಲ್ಲಿ 1990ರ ಹೊತ್ತಿಗೆ ಹೊಸ ಕಾರುಗಳಿಗೆಲ್ಲ ಹಗಲುದೀಪ ಕಡ್ಡಾಯವಾಯಿತು. ಅಮೆರಿಕದಲ್ಲಿ ಅಂತಹ ಕಟ್ಟಳೆಯಿಲ್ಲ; ಆದರೂ ಜನರಲ್ ಮೋಟಾರ್ಸ್ ಸಂಸ್ಥೆ 1995ರ ಮಾದರಿಗಳಿಂದ ಅಲ್ಲಿಯೂ ಇದನ್ನು ಅಳವಡಿಸತೊಡಗಿತು. ಯೂರೋಪಿಯನ್ ಒಕ್ಕೂಟವು 2011ರ ಫೆಬ್ರವರಿಯಿಂದ ಹೊಸ ಮಾದರಿಯ ಕಾರುಗಳಿಗೆ ಪ್ರತ್ಯೇಕ ಹಗಲುದೀಪ ಇರಬೇಕೆಂದು ವಿಧಿಸಿತು.

ಪ್ರತ್ಯೇಕವಾದ ಎಲ್‌ಇಡಿ ಹಗಲುದೀಪವಿದ್ದರೆ ಹೆಡ್‌ಲೈಟಿಗೂ ಅದಕ್ಕೂ ಸಂಬಂಧವಿರುವುದಿಲ್ಲ. ತೊಡಕು ಇರುವುದು ಉತ್ತರ ಅಮೆರಿಕದ ಹಳೆಯ ಕಾರುಗಳಲ್ಲಿ. ಖರ್ಚು ಉಳಿಸಲು ಅಲ್ಲಿನ ತಯಾರಕರು ಹೆಡ್‌ಲೈಟನ್ನೇ ಮಂದವಾಗಿ ಉರಿಸುವ ಎರಡು ಉಪಾಯಗಳನ್ನು ಕಂಡುಕೊಂಡರು. ಒಂದು, ಎಡಬಲದ ಹೈ ಬೀಮ್ ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸುವುದು. ಆಗ ಬ್ಯಾಟರಿಯ 12 ವೋಲ್ಟ್ ಹಂಚಿಹೋಗಿ ಪ್ರತಿಯೊಂದಕ್ಕೂ ಸುಮಾರು 6 ವೋಲ್ಟ್ ದೊರೆಯುತ್ತದೆ. ಬಲ್ಬಿನೊಳಗಿನ ತಂತು ಕೆಂಪಾಗಿ ಕಾಯುತ್ತದೆ. ಬೆಳಕು ಅರ್ಧಕ್ಕಲ್ಲ, ಸುಮಾರು ಹತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಇನ್ನೊಂದು, ವಿದ್ಯುತ್ತನ್ನು ಸೆಕೆಂಡಿಗೆ ಹತ್ತಾರು, ನೂರಾರು ಬಾರಿ ಕಡಿದು ಕಡಿದು ಕೊಡುವುದು. ಕಾದ ತಂತು ಅಷ್ಟು ಬೇಗ ಆರದ ಕಾರಣ ಕಣ್ಣಿಗೆ ಮಂದವಾದ, ಎಡೆಬಿಡದ ಬೆಳಕೇ ಕಾಣುತ್ತದೆ.

ಕ್ಸೆನಾನ್ ದೀಪ ಉರಿಯುವ ಬಗೆ

ಕ್ಸೆನಾನ್ ಬಲ್ಬಿನಲ್ಲಿ ತಂತುವೇ ಇಲ್ಲ. ಸ್ಫಟಿಕ ಗಾಜಿನ ಪುಟ್ಟ ಕೋಶದೊಳಗೆ ಕ್ಸೆನಾನ್ ಅನಿಲ, ಲೋಹದ ಲವಣಗಳು, ಎದುರುಬದುರಾಗಿ ಎರಡು ವಿದ್ಯುದ್ವಾರಗಳು ಇರುತ್ತವೆ. ಅವುಗಳ ನಡುವೆ ಕಿಡಿ ಹಾರಿಸಲು 20,000 ವೋಲ್ಟಿಗೂ ಮೀರಿದ ಒತ್ತಡ ಬೇಕು. ಒಮ್ಮೆ ಹೊತ್ತಿಕೊಂಡ ಮೇಲೆ ಬಿಲ್ಲಿನಂತೆ ಬಾಗಿದ ವಿದ್ಯುತ್ ಚಾಪವು ಸುಮಾರು 85 ವೋಲ್ಟಿನಲ್ಲಿ ಉರಿಯುತ್ತದೆ. ಪಾದರಸವಿಲ್ಲದ ಹೊಸ ಬಗೆಗೆ ಸುಮಾರು 42 ವೋಲ್ಟ್ ಸಾಕು. ಇದನ್ನೆಲ್ಲ ನಡೆಸುವುದು ಬ್ಯಾಲಸ್ಟ್. ಕಾರಿನಲ್ಲಿ ಇಂತಹ ದೀಪ ಮೊದಲು ಬಂದದ್ದು 1991ರಲ್ಲಿ, ಬಿಎಂಡಬ್ಲ್ಯೂ 7 ಸರಣಿಯಲ್ಲಿ.

ಈ ದೀಪದ ಆಕರ್ಷಣೆ ಸ್ಪಷ್ಟವೇ ಇದೆ. 55 ವ್ಯಾಟಿನ ಎಚ್7 ಹ್ಯಾಲೊಜೆನ್ ಬಲ್ಬು ಸುಮಾರು 1,500 ಲ್ಯೂಮೆನ್ ಬೆಳಕು ಕೊಟ್ಟರೆ, 35 ವ್ಯಾಟಿನ ಡಿ2ಎಸ್ ಕ್ಸೆನಾನ್ ಬಲ್ಬು ಸುಮಾರು 3,200 ಲ್ಯೂಮೆನ್ ಕೊಡುತ್ತದೆ. ಆದರೆ ಹೊತ್ತಿಕೊಂಡು ಪೂರ್ಣ ಪ್ರಕಾಶಕ್ಕೆ ಬರಲು ಅದಕ್ಕೆ ಕೆಲವು ಸೆಕೆಂಡುಗಳು ಬೇಕು. ಸ್ಥಿರವಾಗಿ ಉರಿಯುವಾಗ 3 ಆಂಪಿಯರಿಗಿಂತ ತುಸು ಹೆಚ್ಚು ವಿದ್ಯುತ್ ಎಳೆಯುವ ಬ್ಯಾಲಸ್ಟ್, ಹೊತ್ತಿಸುವ ಹೊತ್ತಿನಲ್ಲಿ ಅದರ ಕೆಲವು ಪಟ್ಟು ಎಳೆಯುತ್ತದೆ.

ಎರಡೂ ಸೇರಿದಾಗ

ತಂತುವಿಗೆ ಕಡಿಮೆ ವಿದ್ಯುತ್ ಕೊಟ್ಟರೆ ಕಡಿಮೆ ಉರಿಯುತ್ತದೆ. ಚಾಪಕ್ಕೆ ಈ ಗುಣವಿಲ್ಲ. ಅದು ಒಂದೋ ಉರಿಯುತ್ತದೆ, ಇಲ್ಲವೇ ಆರುತ್ತದೆ. ಬ್ಯಾಲಸ್ಟು ಬಲ್ಬಿಗೆ ಸದಾ 35 ವ್ಯಾಟ್ ಒದಗಿಸಲು ಯತ್ನಿಸುವ ಉಪಕರಣವಾದ್ದರಿಂದ, ಒಳಬರುವ ವೋಲ್ಟೇಜ್ ಇಳಿದಷ್ಟೂ ಹೆಚ್ಚು ಆಂಪಿಯರ್ ಎಳೆಯುತ್ತದೆ. ತಂತಿ, ಸಾಕೆಟ್ಟುಗಳು ಬಿಸಿಯೇರುವುದು ಹೀಗೆ. ಒಂದು ಮಿತಿಗಿಂತ ಕೆಳಗಿಳಿದರೆ ಅದು ಕೆಲಸವನ್ನೇ ನಿಲ್ಲಿಸುತ್ತದೆ. ಸರಣಿಯಲ್ಲಿ ಜೋಡಿಸಿದ ಕಾರಿನಲ್ಲಿ ದೀಪ ಹೊತ್ತದೆ ಹೋಗಬಹುದು, ಇಲ್ಲವೆ ಹೊತ್ತಿ ಆರಿ ಮಿನುಗಬಹುದು. ಕಡಿದು ಕೊಡುವ ಕಾರಿನಲ್ಲಿ ಬ್ಯಾಲಸ್ಟು ಪ್ರತಿ ತುಣುಕನ್ನೂ ಹೊಸ ಆರಂಭವೆಂದು ತಿಳಿದು ಮತ್ತೆ ಮತ್ತೆ ಕಿಡಿ ಹಾರಿಸಲು ಹೆಣಗುತ್ತದೆ. ಒಂದೊಂದು ಹೊತ್ತಿಸುವಿಕೆಯೂ ವಿದ್ಯುದ್ವಾರವನ್ನು ಸವೆಸುವುದರಿಂದ ಬಲ್ಬಿನ ಆಯುಷ್ಯ ಕುಗ್ಗುತ್ತದೆ.

ಇನ್ನೊಂದು ಅಪಾಯ ಮೊದಲ ನೋಟಕ್ಕೆ ಯಶಸ್ಸಿನಂತೆಯೇ ಕಾಣುತ್ತದೆ. ಹಗಲುದೀಪದ ಮಂದ ವಿದ್ಯುತ್ತೇ ಹೇಗೋ ಬ್ಯಾಲಸ್ಟನ್ನು ಎಬ್ಬಿಸಿಬಿಟ್ಟರೆ ದೀಪ ಪೂರ್ಣ ಪ್ರಖರತೆಯಲ್ಲಿ ಹಗಲೆಲ್ಲ ಉರಿಯುತ್ತದೆ. ಅದು ಹೈ ಬೀಮ್ ಆಗಿದ್ದರೆ ಎದುರಿನವರ ಪಾಡು ಹೇಳಬೇಕಾಗಿಲ್ಲ.

ಅಳವಡಿಸುವ ಕ್ರಮ

ಕೆಲಸಕ್ಕೆ ಕೈಹಾಕುವ ಮುನ್ನ ಕಾರಿನ ಹಗಲುದೀಪ ಯಾವುದೆಂದು ತಿಳಿಯಬೇಕು. ಹೆಡ್‌ಲೈಟಿನ ಸ್ವಿಚ್ ಹಾಕದೆ ಎಂಜಿನ್ ಚಾಲೂ ಮಾಡಿ, ಹ್ಯಾಂಡ್‌ಬ್ರೇಕ್ ಬಿಟ್ಟು, ಯಾವ ಬಲ್ಬು ಹೊತ್ತಿತು, ರಾತ್ರಿಗಿಂತ ಮಂದವಾಗಿದೆಯೇ ಎಂದು ನೋಡಿದರೆ ಸಾಕು. ಹ್ಯಾಂಡ್‌ಬ್ರೇಕ್ ಹಾಕಿದ್ದಾಗ ಹಲವು ಕಾರುಗಳಲ್ಲಿ ಹಗಲುದೀಪ ಉರಿಯುವುದಿಲ್ಲ. ಇದನ್ನರಿಯದೆ ದೀಪವೇ ಇಲ್ಲವೆಂದು ಭಾವಿಸುವವರುಂಟು. ಹೈ ಬೀಮ್ ಹಗಲುದೀಪವಾಗಿದ್ದು, ಬದಲಾಯಿಸುತ್ತಿರುವುದು ಪ್ರತ್ಯೇಕವಾದ ಲೋ ಬೀಮ್ ಬಲ್ಬನ್ನು ಮಾತ್ರವಾದರೆ ಮೇಲಿನ ತೊಡಕು ಬಾರದು.

ಬದಲಾಯಿಸುವ ಬಲ್ಬೇ ಹಗಲುದೀಪವಾಗಿದ್ದರೆ ಆ ಹೊಣೆಯನ್ನು ಅದರಿಂದ ಕಳಚಬೇಕು. ಕೆಲವು ಕಾರುಗಳಲ್ಲಿ ಫ್ಯೂಸ್ ತೆಗೆದರೆ ಸಾಕಾಗುತ್ತದೆ, ಕೆಲವಕ್ಕೆ ನಿಯಂತ್ರಕ ಪೆಟ್ಟಿಗೆಯ ಸಂಪರ್ಕ ಬಿಡಿಸಬೇಕು, ಮತ್ತೆ ಕೆಲವಕ್ಕೆ ಕಂಪ್ಯೂಟರ್ ಜೋಡಿಸಿ ಸೆಟ್ಟಿಂಗ್ ಬದಲಿಸಬೇಕು. ಕೆನಡಾದಂತೆ ಹಗಲುದೀಪ ಕಡ್ಡಾಯವಿರುವಲ್ಲಿ ಸುಮ್ಮನೆ ಕಿತ್ತುಹಾಕುವುದು ಪರಿಹಾರವಲ್ಲ. ಆ ಕೆಲಸಕ್ಕೆ ಅನುಮೋದಿತವಾದ ಬೇರೆ ದೀಪವನ್ನು ಹಾಕಬೇಕಾಗುತ್ತದೆ.

ಬಳಿಕ ಬ್ಯಾಲಸ್ಟಿಗೆ ವಿದ್ಯುತ್ತನ್ನು ಹಳೆಯ ತಂತಿಯಿಂದಲ್ಲ, ಬ್ಯಾಟರಿಯಿಂದಲೇ ರಿಲೇ ಮೂಲಕ ಒಯ್ಯಬೇಕು. ಹಳೆಯ ತಂತಿ ರಿಲೇಗೆ ಸೂಚನೆ ಕೊಡಲು ಮಾತ್ರ. ಫ್ಯೂಸನ್ನು ಬ್ಯಾಟರಿಯ ಹತ್ತಿರದಲ್ಲಿಯೇ ಇಡುವುದು ಅಗತ್ಯ. ದೂರವಿಟ್ಟರೆ ನಡುವಿನ ತಂತಿಗೆ ರಕ್ಷಣೆಯಿಲ್ಲ. ಹಗಲುದೀಪವನ್ನು ಕಳಚದೆ ರಿಲೇ ಒಂದನ್ನೇ ನಂಬಿದರೆ ರಿಲೇಯೇ ಟಕಟಕನೆ ಬಡಿದುಕೊಳ್ಳತೊಡಗುತ್ತದೆ. ಕೆಪಾಸಿಟರ್ ಇಟ್ಟು ಕಡಿದ ವಿದ್ಯುತ್ತನ್ನು ನಯಗೊಳಿಸುವ ಉಪಾಯವನ್ನೂ ಮೆಕ್ಯಾನಿಕರು ಬಳಸುವುದುಂಟು. ಅದು ತೇಪೆಯೇ ಹೊರತು ದುರಸ್ತಿಯಲ್ಲ. ಬಲ್ಬು ಕೆಟ್ಟಿದೆಯೆಂದು ಕಾರಿನ ಕಂಪ್ಯೂಟರ್ ತಪ್ಪಾಗಿ ಎಚ್ಚರಿಸದಂತೆ ರೆಸಿಸ್ಟರ್ ಹಾಕಿದರೆ, ಅದು ಕೈಸುಡುವಷ್ಟು ಕಾಯುವುದರಿಂದ ಪ್ಲಾಸ್ಟಿಕ್ಕಿಗೆ ತಾಗದಂತೆ ಲೋಹದ ಮೇಲೆ ಬಿಗಿಯಬೇಕು.

ಬ್ಯಾಟರಿಯ ಸಂಪರ್ಕ ತೆಗೆಯದೆ ಬಲ್ಬಿನ ತಂತಿಯನ್ನು ಮುಟ್ಟಕೂಡದು. ಅಲ್ಲಿನ ವೋಲ್ಟೇಜ್ ಪ್ರಾಣಾಪಾಯ ತರಬಲ್ಲದು.

ಪ್ರತಿಫಲಕದ ದೋಷ

ವಿದ್ಯುತ್ತಿನ ತೊಡಕೆಲ್ಲ ಬಗೆಹರಿದ ಮೇಲೂ ಮುಖ್ಯ ದೋಷ ಉಳಿಯುತ್ತದೆ. ಹೆಡ್‌ಲೈಟಿನ ಪ್ರತಿಫಲಕವನ್ನು ಒಂದು ನಿರ್ದಿಷ್ಟ ತಂತುವಿನ ಜಾಗ, ಉದ್ದ, ಆಕಾರಗಳಿಗೆ ಲೆಕ್ಕ ಹಾಕಿ ರೂಪಿಸಿರುತ್ತಾರೆ. ನೇರವಾದ ತಂತುವಿನ ಜಾಗದಲ್ಲಿ ಬಾಗಿದ ಚಾಪವನ್ನಿಟ್ಟರೆ ಬೆಳಕು ಹೋಗಬಾರದ ಕಡೆಗೆಲ್ಲ ಚದುರುತ್ತದೆ. ಕಾರಿನ ಮುಂದಿನ ನೆಲ ಬೆಳ್ಳಗೆ ಹೊಳೆಯುವುದರಿಂದ ಚೆನ್ನಾಗಿ ಕಾಣುತ್ತಿದೆಯೆಂಬ ಭ್ರಮೆ ಚಾಲಕನಿಗಾಗುತ್ತದೆ. ಕಣ್ಣು ಆ ಹೊಳಪಿಗೆ ಹೊಂದಿಕೊಂಡುಬಿಡುವುದರಿಂದ ದೂರದ ಕತ್ತಲು ಇನ್ನಷ್ಟು ಕಪ್ಪಾಗುತ್ತದೆ. ಎದುರಿನವರು, ಅದರಲ್ಲಿಯೂ ವಯಸ್ಸಾದವರು, ಕೋರೈಸಿದ ಕಣ್ಣು ಚೇತರಿಸಿಕೊಳ್ಳುವವರೆಗೆ ಕುರುಡಾಗಿಯೇ ಸಾಗಬೇಕಾಗುತ್ತದೆ. ನೀಲಿಛಾಯೆಯ ಬಲ್ಬುಗಳನ್ನು ಅಂದಕ್ಕೆಂದು ಕೊಳ್ಳುವವರಿದ್ದಾರೆ. 8,000 ಕೆಲ್ವಿನ್ನಿನ ಬಲ್ಬು 4,300 ಕೆಲ್ವಿನ್ನಿನದಕ್ಕಿಂತ ಕಡಿಮೆ ಬೆಳಕನ್ನೇ ಕೊಡುತ್ತದೆ. ಬಲ್ಬಿನ ಬದಲು, ಕ್ಸೆನಾನಿಗಾಗಿಯೇ ತಯಾರಿಸಿದ ಇಡೀ ದೀಪವನ್ನು ಬದಲಾಯಿಸುವುದೇ ಸರಿಯಾದ ದಾರಿ. ಖರ್ಚು ಮಾತ್ರ ಬಹಳ.

ಕಾನೂನು

ಹ್ಯಾಲೊಜೆನ್ ದೀಪಕ್ಕೆ ಕ್ಸೆನಾನ್ ಬಲ್ಬು ತೊಡಿಸುವ ಕಿಟ್‌ಗಳು ಅಮೆರಿಕದ ಸಂಯುಕ್ತ ಸುರಕ್ಷತಾ ಮಾನದಂಡ 108ಕ್ಕೆ ಹೊಂದುವುದಿಲ್ಲವೆಂಬುದು ಅಲ್ಲಿನ ಹೆದ್ದಾರಿ ಸುರಕ್ಷತಾ ಆಡಳಿತದ ನಿಲುವು. ಯೂರೋಪಿನಲ್ಲಿ ಅನುಸರಿಸುವ ವಿಶ್ವಸಂಸ್ಥೆಯ 48ನೆಯ ನಿಯಮವು 2,000 ಲ್ಯೂಮೆನ್ ಮೀರಿದ ಲೋ ಬೀಮ್ ದೀಪಗಳಿಗೆ ಬೆಳಕಿನ ಕೋನವನ್ನು ತಾನಾಗಿ ಸರಿಪಡಿಸುವ ಸಾಧನವನ್ನೂ ಗಾಜನ್ನು ತೊಳೆಯುವ ವ್ಯವಸ್ಥೆಯನ್ನೂ ವಿಧಿಸಿದೆ.

ಭಾರತದ ಕಾರುಗಳಲ್ಲಿ ಹಗಲುದೀಪ ಬಹುತೇಕ ಪ್ರತ್ಯೇಕ ಎಲ್‌ಇಡಿಯೇ ಆಗಿರುವುದರಿಂದ ಇಲ್ಲಿ ಮೊದಲ ತೊಡಕು ವಿರಳ, ಎರಡನೆಯದು ಹೇರಳ. ತಯಾರಕರು ನಿಗದಿಪಡಿಸಿದ ವಿವರಗಳಿಗೆ ವಿರುದ್ಧವಾದ ಮಾರ್ಪಾಡುಗಳನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ನಿರ್ಬಂಧಿಸುತ್ತದೆ. ಕೇಂದ್ರ ಮೋಟಾರು ವಾಹನ ನಿಯಮಗಳ 106ನೆಯ ನಿಯಮದಂತೆ, 8 ಮೀಟರ್ ದೂರದಲ್ಲಿ ನಿಂತ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಣ್ಣಿರುವ ವ್ಯಕ್ತಿಗೆ ಹೆಡ್‌ಲೈಟು ಕೋರೈಸಬಾರದು. ಕರ್ನಾಟಕದ ವಾಹನಗಳಲ್ಲಿ ಹಿಂದೆ ಹೆಡ್‌ಲೈಟಿನ ಗಾಜಿನ ಮೇಲ್ಭಾಗಕ್ಕೆ ಕಪ್ಪು ಬಣ್ಣ ಬಳಿಯುತ್ತಿದ್ದುದೂ ಇದೇ ಉದ್ದೇಶದಿಂದ.